ಪಕ್ಕೀರಮ್ಮ ರೊಟ್ಟಿ ಬಿಟ್ಟ ಭಾನುವಾರ

ಗೋಡೆಯಾಚೆ ಎರ್ರೆಮ್ಮ ನರಳಿದಳು.

ಒಂದೇ ಸಲ. ಹಲ್ಲು ಕಚ್ಚಿ ಹಿಡಿದರೂ ಹಿಡಿತ ತಪ್ಪಿ ಬಂದ ನರಳಿಕೆ. ಹೊತ್ತು ನೆತ್ತಿಗೇರಿತ್ತು, ಹೂವಿನಹಡಗಲಿಯ ಅಂಚಿನ ಆ ಓಣಿಯಲ್ಲಿ ನಾಯಿಗಳೂ ನೆರಳು ಹುಡುಕಿ ಮಲಗಿದ್ದವು. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಬಾಳೆನಾರಿಗೆ ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದ ಪಕ್ಕೀರಮ್ಮನ ಬೆರಳುಗಳು ಒಂದು ಗಳಿಗೆ ನಿಂತವು. ಆಮೇಲೆ ಮೊದಲಿಗಿಂತ ಚುರುಕಾಗಿ ಓಡಿದವು. ಆ ಚುರುಕು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಆಚೆಯ ನೋವು ಈಚೆ ಹಿತವಾಗಿ ಇಳಿಯುತ್ತಿತ್ತು. ಅದನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ, ದೇವರ ಮುಂದೆ ಅಂತೂ ಮೊದಲೇ ಇಲ್ಲ.

ಮಾವ ಕಟ್ಟಿಸಿದ ಒಂದು ಮನೆ. ನಡುವೆ ಗೋಡೆ ಎತ್ತಿ ಎರಡಾಗಿತ್ತು. ಆಚೆ ಹಿರಿಯ ಸೊಸೆ ಎರ್ರೆಮ್ಮ ತನ್ನ ಗಂಡ ನಾಗಪ್ಪನೊಂದಿಗಿದ್ದಳು. ಈಚೆ ಕಿರಿಯ ಸೊಸೆ ಪಕ್ಕೀರಮ್ಮ, ಒಬ್ಬಳೇ. ಇಬ್ಬರೂ ಒಂದೇ ವರ್ಷ ಯೇಸುವಿನ ಹೆಸರಲ್ಲಿ ದೀಕ್ಷಾಸ್ನಾನ ತಗೊಂಡವರು, ಒಂದೇ ತಗಡಿನ ಸೂರಿನ ಸಭೆಗೆ ಹೋಗುವವರು. ಸಭೆಯ ಹೆಂಗಸರು ಹೂ ಮುಡಿಯುವುದಿಲ್ಲ. ಊರಿಗೆಲ್ಲ ಮಾಲೆ ಕಟ್ಟಿ ಕಳಿಸುವ ಪಕ್ಕೀರಮ್ಮನ ತುರುಬು ಅಂದಿನಿಂದ ಖಾಲಿ. ಗಂಡ ಮೈಲಪ್ಪ ಸತ್ತ ಮೇಲೆ ಓರಗಿತ್ತಿಯರ ನಡುವೆ ಮಾತೂ ಖಾಲಿ.

ಮಾತೇ ಇರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ತಿಂಗಳಿಗೊಮ್ಮೆ ಇತ್ತು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿಯ ಚೂರು ಹಂಚಿಕೊಳ್ಳುವ ದಿನ. ರೊಟ್ಟಿ ಹಂಚುವ ಮೊದಲು ಎಲ್ಲರೂ ಎದ್ದು, ಒಬ್ಬರ ಕೈ ಒಬ್ಬರು ಹಿಡಿದು, ‘ಸಮಾಧಾನ’ ಅನ್ನಬೇಕು. ಮುನಿಸಿಟ್ಟುಕೊಂಡು ರೊಟ್ಟಿ ಮುಟ್ಟಬಾರದೆಂದು ಹಿಂದಿನವರು ಮಾಡಿಟ್ಟ ಕ್ರಮ. ಎರ್ರೆಮ್ಮ ಎರಡು ಸಾಲು ದಾಟಿ ಬರುತ್ತಿದ್ದಳು. ಪಕ್ಕೀರಮ್ಮ ಕೈ ಚಾಚುತ್ತಿದ್ದಳು. ಇವಳು ಅವಳ ಕಿವಿಯ ಬೆಂಡೋಲೆ ನೋಡುತ್ತ, ಅವಳು ಇವಳ ಹೆಗಲ ಸೆರಗು ನೋಡುತ್ತ, ಸಮಾಧಾನ ಹೇಳಿಕೊಂಡು, ಕೈ ಬಿಟ್ಟು, ಮತ್ತೆ ಒಂದು ತಿಂಗಳು ಒಂದೇ ಗೋಡೆಯ ಎರಡು ಬದಿ ಬದುಕುತ್ತಿದ್ದರು. ಸಭೆಗೆಲ್ಲ ಇದು ಗೊತ್ತಿತ್ತು. ನೋಡಿ ನೋಡಿ ಅವರಿಗೆ ರೂಢಿಯಾಗಿತ್ತು.

ಮುನಿಸಿನ ಬೇರು ಇರುವುದೂ ಮಾತಿನಲ್ಲೇ. ಮೈಲಪ್ಪ ಹಾಸಿಗೆ ಹಿಡಿದು, ಡಾಕ್ಟರುಗಳು ಕೈಚೆಲ್ಲಿದ ದಿನಗಳು. ಅತ್ತೆ ಜಂಬಕ್ಕ ಆಗಿನ್ನೂ ಇದ್ದಳು. ಮೈಲಾರಲಿಂಗನ ಒಕ್ಕಲು, ಸೊಸೆಯಂದಿರ ಸಭೆಯ ಬಗ್ಗೆ ಒಂದು ಮಾತೂ ಆಡದ ಮುದುಕಿ. ಒಂದು ಸಂಜೆ ಆಕೆ ಕಾಗದದ ಪೊಟ್ಟಣದಲ್ಲಿ ಚಿಟಿಕೆ ಭಂಡಾರ ತಂದು, ಆ ಅರಿಶಿನ ಪುಡಿಯನ್ನು ಪಕ್ಕೀರಮ್ಮನ ಅಂಗೈಯಲ್ಲಿಟ್ಟು, ಮಗನ ತಲೆದಿಂಬಿನ ಕೆಳಗೆ ಇಡು ಎಂದಳು. ಒಲ್ಲೆನೆಂದು ಹೆತ್ತವಳಿಗೆ ಹೇಗೆ ಹೇಳುವುದು? ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಯಾರು ಏನು ಕೊಟ್ಟರೂ ಪಕ್ಕೀರಮ್ಮ ಇಸಿದುಕೊಳ್ಳುತ್ತಿದ್ದಳು. ಇಟ್ಟಳು.

ಹಾಸಿಗೆ ಬದಲಿಸಲು ಬಂದ ಎರ್ರೆಮ್ಮನ ಕಣ್ಣಿಗೆ ಅದು ಬಿತ್ತು. ಯಾರಿಗೂ ಹೇಳೋದಿಲ್ಲ ಅಂದಳು. ಅಂದು ಎದೆಗೂ ಅಪ್ಪಿಕೊಂಡಳು. ಮುಂದಿನ ಭಾನುವಾರ ಸಭೆಯಲ್ಲಿ ಯಾರಿಗಾಗಿ ಪ್ರಾರ್ಥಿಸಬೇಕೆಂದು ಪಾಸ್ಟರು ಕೇಳಿದಾಗ ಎದ್ದು ನಿಂತು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ನಮ್ಮ ಪಕ್ಕೀರಮ್ಮನ ನಂಬಿಕೆ ಬಲಹೀನವಾಗಿದೆ, ಹಾಸಿಗೆಯ ಕೆಳಗೆ ಭಂಡಾರ ಇಟ್ಟುಕೊಂಡಿದ್ದಾಳೆ, ಎಲ್ಲರೂ ಅವಳಿಗಾಗಿ ಬೇಡಿಕೊಳ್ಳಿ ಎಂದಳು. ಎಲ್ಲರೂ ಬೇಡಿಕೊಂಡರು. ಬೇಡಿಕೊಂಡ ಬಾಯಿಗಳೇ ಮನೆಮನೆಗೆ ಸುದ್ದಿ ಮುಟ್ಟಿಸಿದವು.

ಆಗಿದ್ದ ಪಾಸ್ಟರು ಮನೆ ಶುದ್ಧವಾಗುವವರೆಗೆ ಆ ಮನೆಗೆ ರೊಟ್ಟಿ ಒಯ್ಯುವಂತಿಲ್ಲ ಎಂದರು. ಮೈಲಪ್ಪನಿಗೆ ಇದ್ಯಾವುದೂ ತಿಳಿಯದು. ಗಂಟಲು ಒಣಗಿದ ಮನುಷ್ಯ, ಕರ್ತನ ರೊಟ್ಟಿ ಒಂದು ಚೂರು ಬಾಯಿಗೆ ಹಾಕಿಸು ಅಂದ. ನಾಳೆ ತರ್ತಾರ ಅಂದಳು. ಮರುದಿನವೂ ಅದನ್ನೇ ಅಂದಳು. ಬುಧವಾರ ಬೆಳಿಗ್ಗೆ ಅವನು ಕೇಳುವುದನ್ನು ನಿಲ್ಲಿಸಿದ.

ಆಮೇಲೆ ಪಕ್ಕೀರಮ್ಮ ಒಂದು ಪಣ ತೊಟ್ಟಳು. ತನ್ನ ನಂಬಿಕೆಯ ಬಗ್ಗೆ ಇನ್ನೊಬ್ಬರು ಬೆರಳು ತೋರಿಸದ ಹಾಗೆ ಪ್ರಾರ್ಥನೆ ಮಾಡಬೇಕು. ಕಲಿತಳು. ಯಾವ ಮಾತಿಗೆ ದನಿ ಏರಬೇಕು, ಎಲ್ಲಿ ಗಂಟಲು ಕಟ್ಟಬೇಕು, ಎಲ್ಲಿ ತಡೆದರೆ ಕೂತವರು ಒಕ್ಕೊರಲಿನಿಂದ ‘ಸ್ತೋತ್ರ’ ಅಂತಾರೆ, ಎಲ್ಲ ಬಂತು. ಹಡಗಲಿಯಲ್ಲಷ್ಟೇ ಅಲ್ಲ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಸಭೆಗಳಿಂದಲೂ ಉಪವಾಸ ಕೂಟಕ್ಕೆ ಕರೆ ಬರತೊಡಗಿತು. ಪಕ್ಕೀರಮ್ಮಕ್ಕ ಪ್ರಾರ್ಥನಿಗೆ ಕಣ್ಣು ಮುಚ್ಚಿದರೆ ಬಡಿಸಿದ ಅನ್ನ ತಂಗಳಾಗತೈತಿ ಎಂದು ನಗುವ ಹೆಂಗಸರೇ ತಮ್ಮ ಮಕ್ಕಳಿಗೆ ಜ್ವರ ಬಂದರೆ ಅವಳ ಬಾಗಿಲಿಗೆ ಓಡಿ ಬರುತ್ತಿದ್ದರು. ಒಂದು ಗುಟ್ಟು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೇಳಿಸಿಕೊಳ್ಳುವವರಿಲ್ಲದಿದ್ದರೆ ಅವಳಿಗೆ ಪ್ರಾರ್ಥನೆ ಬರುತ್ತಿರಲಿಲ್ಲ.

ಆ ಶನಿವಾರ ಪಾಸ್ಟರ್ ಗಂಗಾಧರ್ ಬೈಕು ನಿಲ್ಲಿಸಿ ಒಳಗೆ ಬಂದಾಗ ಬುಟ್ಟಿಯಲ್ಲಿ ಇನ್ನೂ ಅರ್ಧ ಮೊಗ್ಗು ಉಳಿದಿತ್ತು. ಹಳೆಯ ಪಾಸ್ಟರು ಬೇರೆ ಊರಿಗೆ ಹೋದ ಮೇಲೆ ಬಂದ ಚಿಕ್ಕ ವಯಸ್ಸಿನವರು, ಒಳ್ಳೆಯ ಮನುಷ್ಯ. ಯಾರ ಮನೆಯಲ್ಲಿ ಕಷ್ಟವಿದ್ದರೂ ಕರೆಯದೆ ಬರುವವರು. ಗೋಡೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. ಎರ್ರೆಮ್ಮನ ಗರ್ಭಕೋಶದ ಗಡ್ಡೆಗೆ ಸೋಮವಾರ ದಾವಣಗೆರೆಯಲ್ಲಿ ಆಪರೇಷನ್ನು. ಗಡ್ಡೆ ಕರುಳಿಗೆ ಹತ್ತಿಕೊಂಡಿದೆ, ಹೃದಯವೂ ದುರ್ಬಲ. ಮಂಪರು ಕೊಟ್ಟ ಮೇಲೆ ಎಚ್ಚರಾಗುವ ಭರವಸೆಯನ್ನು ಡಾಕ್ಟರು ಪೂರ್ತಿ ಕೊಟ್ಟಿಲ್ಲ. ನಾಳೆ ಆರಾಧನೆ ಮುಗಿದ ಮೇಲೆ ಹೊರಡುತ್ತಾರೆ.

“ನಾಳಿ ಅವರ ತಲಿ ಮ್ಯಾಲೆ ಕೈ ಇಟ್ಟು ನೀವೇ ಪ್ರಾರ್ಥನಿ ಮಾಡ್ಬೇಕ್ರಿ ಅಕ್ಕಾ. ಅವರ ಮನಿಯವರೂ ನಿಮ್ಮನ್ನೇ ಕೇಳ್ಯಾರ.”

ತನಗೂ ಮೈಯಾಗ ಆರಾಮಿಲ್ಲ ಎಂದಳು ಪಕ್ಕೀರಮ್ಮ. ಅದಕ್ಕೂ ಪ್ರಾರ್ಥನೆ ಮಾಡೋಣ ಎಂದು ಪಾಸ್ಟರು ನಕ್ಕರು. ಅವಳು ನಗಲಿಲ್ಲ. ಹೂಂ ಅಂದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಅವರಂತೂ ಒಪ್ಪಿದಳೆಂದು ತಿಳಿದು ಹೊರಟರು.

ಬೈಕಿನ ಸದ್ದು ದೂರವಾಗುವ ಮೊದಲೇ ಅವಳ ಬಾಯಲ್ಲಿ ನಾಳೆ ಸಭೆಗೆ ಕೇಳಿಸಬೇಕಾದ ಪ್ರಾರ್ಥನೆ ತಾನಾಗಿ ಹೆಣೆದುಕೊಳ್ಳತೊಡಗಿತ್ತು. ಕೃಪೆಯುಳ್ಳ ಕರ್ತನೇ, ನಿನ್ನ ದಾಸಿಯ ದೇಹವನ್ನು ಮುಟ್ಟು. ಬೆರಳಿಗೆ ಮೊಗ್ಗು ಬಂದಷ್ಟೇ ಸಲೀಸಾಗಿ ನಾಲಗೆಗೆ ಮಾತು ಬಂತು. ಕೈ ನಾರು ಸುತ್ತುತ್ತಿತ್ತು, ಬಾಯಿ ಮಾತು ಸುತ್ತುತ್ತಿತ್ತು, ಇವೆರಡರ ನಡುವೆ ಅವಳೆಂಬವಳು ಎಲ್ಲೂ ಇರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಬುಟ್ಟಿ ಸರಿಸಿ, ಒಳಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ ಮೊಣಕಾಲೂರಿದಳು. ಎರ್ರೆಮ್ಮ ಬದುಕಲಿ ಎಂಬ ಎರಡು ಪದವನ್ನಾದರೂ, ಯಾರೂ ಕೇಳದಾಗ, ಹೇಳಿ ನೋಡೋಣ ಎಂದು. ತುಟಿ ಅಲುಗಿತು. ಆಚೆಯಿಂದ ಇನ್ನೊಂದು ನರಳಿಕೆ ಬಂತು. ಪಕ್ಕೀರಮ್ಮ ಕಿವಿಗೊಟ್ಟು ಕೇಳಿದಳು, ಮತ್ತೆ ಬರಲೆಂದು ಕಾದಳು, ತಾನು ಕಾಯುತ್ತಿದ್ದೇನೆ ಎಂದು ತಿಳಿದ ಕೂಡಲೇ ನೆಲ ಸುಟ್ಟಂತೆ ಎದ್ದುಬಿಟ್ಟಳು.

ನಾಳೆ ಆ ತಲೆಯ ಮೇಲೆ ಈ ಕೈ ಇಡಬೇಕು. ಸುಳ್ಳು ಹೇಳಿ ಅವಳನ್ನು ಕಳಿಸಿದರೆ, ಅವಳು ತಿರುಗಿ ಬರದಿದ್ದರೆ, ಆ ಸುಳ್ಳನ್ನು ವಾಪಸು ತಗೊಳ್ಳುವ ದಾರಿ ಯಾವುದು?

ಭಾನುವಾರ ತಗಡಿನ ಕೆಳಗೆ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವುತ್ತಿದ್ದವು. ಎರ್ರೆಮ್ಮನನ್ನು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಪಕ್ಕದಲ್ಲಿ ದಿನ ತುಂಬಿದ ಬಸುರಿ ಮಗಳು ರೋಜಾ. ಕೈ ಹಿಡಿಯುವ ಹೊತ್ತು ಬಂದಾಗ ಎರ್ರೆಮ್ಮನಿಗೆ ಏಳಲಾಗಲಿಲ್ಲ. ಪಕ್ಕೀರಮ್ಮನೇ ಎರಡು ಸಾಲು ದಾಟಿ ಹೋಗಬೇಕಾಯಿತು. ಎಲ್ಲರ ಕಣ್ಣೂ ಅವಳ ಬೆನ್ನಿಗೆ ಅಂಟಿದ್ದವು. ಕೈ ಹಿಡಿದಳು. ಬಿಸಿ ಕೈ. ಸಮಾಧಾನ ಅಂದಳು. ಎರ್ರೆಮ್ಮ ಈ ಸಲ ಸೆರಗು ನೋಡಲಿಲ್ಲ, ಮುಖ ನೋಡಿದಳು, ಸಮಾಧಾನ ಮಾತ್ರ ತಿರುಗಿ ಹೇಳಲಿಲ್ಲ.

ಪಾಸ್ಟರು ಅಲ್ಲೇ ನಿಲ್ಲುವಂತೆ ಸನ್ನೆ ಮಾಡಿದರು. ಪ್ರಾರ್ಥನೆ ಈಗಲೇ.

ಪಕ್ಕೀರಮ್ಮ ತಲೆಯ ಮೇಲೆ ಕೈಯಿಟ್ಟಳು. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ಕೂದಲು. ಬೈತಲೆ ಅಗಲವಾಗಿ ನೆತ್ತಿಯ ಚರ್ಮ ಕಾಣುತ್ತಿತ್ತು. ಕಣ್ಣು ಮುಚ್ಚಿ ಶುರು ಮಾಡಿದಳು. ಬಂತು, ಎಂದಿನಂತೆ ಬಂತು. ಕೃಪೆಯುಳ್ಳ ಕರ್ತನೇ ಅಂದಾಗ ಹಿಂದಿನ ಸಾಲಲ್ಲಿ ಯಾರೋ ಬಿಕ್ಕಿದರು. ನಿನ್ನ ದಾಸಿಯ ದೇಹವನ್ನು ಮುಟ್ಟು ಅಂದಾಗ ಅವಳ ಕಣ್ಣಲ್ಲೂ ನೀರಿಳಿಯಿತು. ಗಂಟಲು ಕಟ್ಟಬೇಕಾದಲ್ಲಿ ಕಟ್ಟಿತು. ಸಭೆ ಸ್ತೋತ್ರ ಅಂದಿತು. ಎಷ್ಟು ಚೆನ್ನಾಗಿ ಬರುತ್ತಿದೆ ಎಂದು ಅವಳೊಳಗಿನ ಒಬ್ಬಳು ದೂರ ನಿಂತು ಕೇಳುತ್ತಿದ್ದಳು.

ಆಗ ಅಂಗೈಯ ಕೆಳಗೆ ಆ ತಲೆ ನಡುಗಿತು. ಅಳುವಿನ ನಡುಕವಲ್ಲ, ಹೆದರಿಕೆಯದು. ಅಂಗೈಯಲ್ಲಿ ಅದು ಸುಳ್ಳಿಗೆ ಅವಕಾಶವಿಲ್ಲದಷ್ಟು ಸ್ಪಷ್ಟವಾಗಿತ್ತು.

ಪಕ್ಕೀರಮ್ಮನ ಮಾತು ನಿಂತಿತು.

ನಿಂತದ್ದು ನಿಂತೇ ಬಿಟ್ಟಿತು. ಮೊದಮೊದಲು ಜನ ಕಾದರು. ಫ್ಯಾನಿನ ಕಿರುಗುಟ್ಟುವಿಕೆ ಕೇಳಿಸಿತು. ಕರ್ತನೇ, ನನ್ನ ಎದೆಯಲ್ಲಿ ಇದು ಯಾವುದೂ ಇಲ್ಲ ಎಂದು ಒಂದು ಮಾತು ಹೊರಗೆ ಬರಲು ಒದ್ದಾಡಿತು. ಬಾಯಿ ಬಿಡಲಿಲ್ಲ. ಪವಿತ್ರಾತ್ಮ ಇಳಿದು ಬಂದಿದ್ದಾನೆ, ಅಕ್ಕನ ಬಾಯಿ ಕಟ್ಟಿಹೋಗಿದೆ ಎಂದು ಯಾರೋ ಪಿಸುಗುಟ್ಟಿದರು. ಆ ಪಿಸುಮಾತು ಸಾಲಿನಿಂದ ಸಾಲಿಗೆ ಹರಡಿ ಹೆಂಗಸರು ಗಟ್ಟಿಯಾಗಿ ಅಳತೊಡಗಿದರು. ಪಾಸ್ಟರು ಪ್ರಾರ್ಥನೆಯನ್ನು ತಾವೇ ಮುಗಿಸಿ ಆಮೆನ್ ಅಂದರು. ಅವಳ ಮೌನವೂ ಅವಳ ಹೆಸರಿಗೆ ಇನ್ನೊಂದು ಗರಿಯಾಗಿ ಸೇರಿಕೊಂಡಿತು.

ಜಾಗಕ್ಕೆ ಬಂದು ಕುಳಿತಳು. ರೊಟ್ಟಿಯ ತಟ್ಟೆ ಸಾಲಿನುದ್ದಕ್ಕೂ ಬರುತ್ತಿತ್ತು. ಬಂದೇ ಬಂತು. ಬಿಳಿ ಬಟ್ಟೆಯ ಮೇಲೆ ಸಣ್ಣ ಸಣ್ಣ ಚೂರು. ಮೈಲಪ್ಪ ಕೇಳಿದ್ದು ಇಷ್ಟನ್ನೇ. ಈ ತಟ್ಟೆಯಿಂದ ಅವಳು ಎಷ್ಟೋ ತಿಂಗಳು ತಗೊಂಡಿದ್ದಳು, ಒಮ್ಮೆಯೂ ಕೈ ತಡೆದಿರಲಿಲ್ಲ. ಈಗ ತಡೆಯಿತು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಚೂರು ಮುಟ್ಟದೆ, ಪಕ್ಕದವಳಿಗೆ ದಾಟಿಸಿದಳು.

ಪಕ್ಕದವಳು ತಟ್ಟೆ ನೋಡಿದಳು, ಅವಳನ್ನು ನೋಡಿದಳು. ರೊಟ್ಟಿ ಬಿಡುವುದೆಂದರೆ ಒಳಗೆ ಪಾಪ ಇಟ್ಟುಕೊಂಡಿದ್ದೇನೆ ಎಂದು ಸಾರಿದ ಹಾಗೆ. ಆಗ ಎದ್ದ ಪಿಸುಮಾತು ಬೇರೆ ಬಗೆಯದು. ಮುಂದಿನ ಸಾಲಿನಲ್ಲಿ ಎರ್ರೆಮ್ಮ ಕುರ್ಚಿಯ ತೋಳಿಗೆ ಕೈಯೂರಿ, ಕಷ್ಟಪಟ್ಟು, ಹಿಂದಿರುಗಿ ನೋಡಿದಳು.

ಮನೆಗೆ ಬಂದು ನೀರು ಕುಡಿಯುವಷ್ಟರಲ್ಲಿ ರೋಜಾ ಬಾಗಿಲಲ್ಲಿ ನಿಂತಿದ್ದಳು. ಅವ್ವ ಕರೀತಾಳ ಸಣ್ಣವ್ವ ಅಂದಳು. ಅಷ್ಟು ವರ್ಷದಲ್ಲಿ ಆ ಮನೆಯಿಂದ ಬಂದ ಮೊದಲ ಕರೆ.

ಹೊಸ್ತಿಲು ದಾಟುವಾಗ ಪಕ್ಕೀರಮ್ಮನಿಗೆ ತನ್ನದೇ ಮನೆಗೆ ಕನ್ನಡಿಯಲ್ಲಿ ಕಾಲಿಟ್ಟಂತಾಯಿತು. ಅದೇ ಪಡಸಾಲೆ, ಎಡಕ್ಕಿದ್ದದ್ದು ಬಲಕ್ಕೆ. ಎರ್ರೆಮ್ಮ ಮಂಚದ ಮೇಲೆ ಒರಗಿದ್ದಳು. ಆಸ್ಪತ್ರೆಗೆ ಒಯ್ಯುವ ಚೀಲ ಕಾಲ ಬಳಿ ಇತ್ತು. ರೋಜಾಳಿಗೆ ಹೊರಗೆ ಕುಂದ್ರು ಎಂದಳು.

“ರೊಟ್ಟಿ ಯಾಕ ಬಿಟ್ಟಿ?”

ಪಕ್ಕೀರಮ್ಮ ನಿಂತೇ ಇದ್ದಳು. ಸುಲಭದ ಉತ್ತರಗಳು ಹತ್ತಿರವೇ ಇದ್ದವು. ಹೊಟ್ಟೆ ಸರಿ ಇರಲಿಲ್ಲ ಅನ್ನಬಹುದಿತ್ತು, ಆತ್ಮ ತಡೀತು ಅನ್ನಬಹುದಿತ್ತು.

“ನೀ ನರಳಿದಾಗ ನನಗ ಹಿತ ಆಗ್ತಿತ್ತು,” ಅಂದಳು. “ನಿನ್ನೆನೂ ಆತು.”

ಎರ್ರೆಮ್ಮ ಸೂರು ನೋಡಿದಳು. ಅವಳ ಹೊಟ್ಟೆ ಅಲುಗಿತು. ನಗುತ್ತಿದ್ದಾಳೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನೋವಾಗಿ ಕೈಯಿಂದ ಒತ್ತಿಕೊಂಡಳು.

“ಗೊತ್ತೈತಿ ಬಿಡು. ಅದಕ್ಕ ಹಲ್ಲು ಕಚ್ಚಿ ಹಿಡೀತಿದ್ದೆ, ನಿನಗ ಕೇಳಬಾರದು ಅಂತ.” ಉಸಿರು ತಗೊಂಡಳು. “ಇವತ್ತ ನೀ ಬಾಯಿ ಮುಚ್ಚಿದ್ದು ಚಲೋ ಆತು. ಪೂರಾ ಮಾಡಿದ್ದಿ ಅಂದ್ರ ಕಾರು ದಾವಣಗೆರಿ ಮುಟ್ಟತಿತ್ತು, ನೀ ಇನ್ನಾ ಆಮೆನ್ ಅಂದಿರ್ತಿದ್ದಿಲ್ಲ.”

ಎರ್ರೆಮ್ಮ ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಾತಾಡಿದಳು. ಆ ಭಾನುವಾರ ತಾನು ಅಮಾಯಕಳಾಗಿ ಎದ್ದು ನಿಲ್ಲಲಿಲ್ಲ. ತಿಳಿದೇ ನಿಂತದ್ದು. ಗಂಡ ಸಾಯಲು ಬಿದ್ದಿದ್ದರೂ ಪಕ್ಕೀರಮ್ಮನ ನಂಬಿಕೆ ನೋಡಿರಿ ಎಂದು ಸಭೆಯೆಲ್ಲ ಹೊಗಳುತ್ತಿತ್ತು. ರೋಜಾಳ ಬೆನ್ನಿಗೆ ಹುಟ್ಟಿದ ಕೂಸು ತನ್ನ ಮಡಿಲಲ್ಲೇ ಸತ್ತಾಗ ಯಾರೂ ತನಗೆ ಹಾಗಂದಿರಲಿಲ್ಲ. ಅದೊಂದು ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡು ಕೂತಿತ್ತು. ಅಳುತ್ತಲೇ ಹೇಳಿದ್ದು, ಆ ಕಣ್ಣೀರು ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ. ಮೈಲಪ್ಪ ರೊಟ್ಟಿ ಇಲ್ಲದೆ ಹೋಗುತ್ತಾನೆಂದು ಮಾತ್ರ ಎಣಿಸಿರಲಿಲ್ಲ.

“ಕ್ಷಮಿಸು ಅನ್ನಾಕ ಕರೆದಿಲ್ಲ ನಿನ್ನ. ನಾ ಅಂದ್ರ ನೀ ಕ್ಷಮಿಸೀನಿ ಅಂತಿ. ತಿಂಗಳ ತಿಂಗಳಾ ಅದನ್ನಽ ಮಾಡೀವಲ್ಲ. ಸಿಟ್ಟು ಐತೇನು ಇನ್ನಾ?”

“ಐತಿ,” ಅಂದಳು ಪಕ್ಕೀರಮ್ಮ. “ಅವರು ರೊಟ್ಟಿ ಕೇಳಿ ಕೇಳಿ ಸತ್ತರು ಯಕ್ಕ.”

ಯಕ್ಕ ಎಂಬುದು ತಾನಾಗಿ ಬಂದುಬಿಟ್ಟಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡರು. ಎರ್ರೆಮ್ಮ ಅಳಲಿಲ್ಲ. ಅತ್ತಿದ್ದರೆ ಪಕ್ಕೀರಮ್ಮ ಅಲ್ಲಿಂದ ಹೊರಟೇ ಹೋಗುತ್ತಿದ್ದಳೇನೋ.

ಆಮೇಲೆ ಎರ್ರೆಮ್ಮ ಇನ್ನೊಂದನ್ನು ಹೇಳಿದಳು. ವಾರ್ಡಿನೊಳಗೆ ಗಂಡಸರನ್ನು ಇರಗೊಡುವುದಿಲ್ಲವಂತೆ, ನಾಗಪ್ಪ ಹೊರಗೆ ಮರದ ಕೆಳಗೆ ಕೂರಬೇಕು. ರೋಜಾ ಈ ಸ್ಥಿತಿಯಲ್ಲಿ ಬರುವಂತಿಲ್ಲ. ಅರಸೀಕೆರೆಯ ತಂಗಿ ಒಲ್ಲೆ ಅಂದಳು.

“ಸಭಿಯಾಗ ಎಲ್ಲಾರೂ ಪ್ರಾರ್ಥನಿ ಮಾಡ್ತೀವಿ ಅಂದ್ರು. ಬರ್ತೀನಿ ಅಂತ ಒಬ್ಬಾಕಿ ಅನ್ನಲಿಲ್ಲ. ನಾ ಆದ್ರೂ ಹಂಗಽ ಅಂತಿದ್ದೆ.” ಈಗ ಅವಳು ತಿರುಗಿ ನೋಡಿದಳು. “ಸಿಟ್ಟು ಬಿಟ್ಟು ಬಾ ಅನ್ನಂಗಿಲ್ಲ. ಇಟಗೊಂಡಽ ಬಾ. ಕಣ್ಣು ತೆರೆದಾಗ ಮನಿ ಮುಖ ಒಂದು ಕಾಣಲಿ.”

ಹೂಂ ಎಂಬ ಮಾತು ತನ್ನ ಬಾಯಿಂದ ಎಷ್ಟು ಸಲೀಸಾಗಿ ಬರುತ್ತದೆಂದು ಪಕ್ಕೀರಮ್ಮನಿಗೆ ಗೊತ್ತಿತ್ತು. ಎದೆಯ ಒಳಗೆ ಹುಡುಕಿದಳು. ಸಿಟ್ಟು ಇತ್ತು, ಇದ್ದಲ್ಲೇ ಇತ್ತು. ಅದರ ಪಕ್ಕದಲ್ಲಿ ಅಂಗೈಯ ಕೆಳಗೆ ನಡುಗಿದ ಆ ತಲೆಯೂ ಇತ್ತು.

ಹೊರಗೆ ಬಾಡಿಗೆ ಕಾರು ಬಂದು ನಿಂತಿತು. ಹಿಂದೆಯೇ ಪಾಸ್ಟರು, ನಾಲ್ಕೈದು ಹೆಂಗಸರು. ಅಂಗಳಕ್ಕೆ ಬಂದ ಪಕ್ಕೀರಮ್ಮನನ್ನು ಕಂಡು ಪಾಸ್ಟರು ಬದಿಗೆ ಕರೆದರು. ಅವರ ಮುಖದಲ್ಲಿ ಕಳವಳವಿತ್ತು. ರೊಟ್ಟಿ ಬಿಟ್ಟಿದ್ದು ಎಲ್ಲರೂ ನೋಡಿದ್ದಾರೆ. ಕೊಟ್ಟೂರಿನವರ ಕಿವಿಗೂ ನಾಳೆ ಬೀಳುತ್ತದೆ. ಇಷ್ಟು ವರ್ಷ ಗಳಿಸಿದ ಸಾಕ್ಷಿ, ನಂಬಿಕೆಯ ಆ ಒಳ್ಳೆಯ ಹೆಸರು, ಒಂದು ದಿನಕ್ಕೆ ಹಾಳಾಗಬಾರದು. ಇಲ್ಲೇ, ಎಲ್ಲರ ಮುಂದೆ, ಎರ್ರೆಮ್ಮನ ಕೈ ಹಿಡಿದು, ನಮ್ಮ ನಡುವೆ ಏನೂ ಇಲ್ಲ ಎಂದು ಒಂದು ಮಾತು ಹೇಳಿಬಿಟ್ಟರೆ ಸಾಕು.

“ಐತಲ್ರಿ,” ಅಂದಳು ಪಕ್ಕೀರಮ್ಮ.

“ಏನ್ರಿ ಅಕ್ಕಾ?”

“ನಮ್ಮ ನಡುವ ಐತ್ರಿ. ಇಲ್ಲ ಅಂತ ಹೆಂಗ ಹೇಳ್ಲಿ?”

ಕೆಟ್ಟ ಮನಸ್ಸಿನಿಂದಲ್ಲ, ಅವಳಿಗೆ ಒಳ್ಳೆಯದಾಗಲೆಂದೇ ಪಾಸ್ಟರು ಮತ್ತೆ ಶುರು ಮಾಡಿದರು. ಮೊದಲು ಬಾಯಲ್ಲಿ ಅರಿಕೆ ಮಾಡಬೇಕು, ಹೃದಯ ಆಮೇಲೆ ಹಿಂದೆ ಬರುತ್ತದೆ, ಜನಕ್ಕೆ ಒಂದು ಮಾದರಿ ಬೇಕು. ಅವಳಿಗೆ ಅದು ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಬಾಗಿಲಲ್ಲಿ ರೋಜಾ ಒಂದು ಕೈಯಿಂದ ತನ್ನ ಹೊಟ್ಟೆ ಹಿಡಿದು ಇನ್ನೊಂದರಿಂದ ಅವ್ವನನ್ನು ಹೊಸ್ತಿಲು ದಾಟಿಸಲು ನೋಡುತ್ತಿದ್ದಳು. ನಾಗಪ್ಪ ಕಾರಿನ ಹಿಂದೆ ಚೀಲ ತುರುಕುತ್ತಿದ್ದ. ಹೆಂಗಸರು ಸಾಲಾಗಿ ನಿಂತು ಕಣ್ಣು ಮುಚ್ಚಿ ಹಾಡು ಹಿಡಿದಿದ್ದರು. ಎರ್ರೆಮ್ಮನ ಕಾಲು ಹೊಸ್ತಿಲ ಮೇಲೆ ಮಡಚಿತು.

“ಎಲ್ಲಾರೂ ನಿಮ್ಮ ಕಡಿ ನೋಡಾಕತ್ಯಾರ ಅಕ್ಕಾ,” ಪಾಸ್ಟರು ಹೇಳುತ್ತಿದ್ದರು, “ನಿಮ್ಮ ಬಾಯಿಂದ ಒಂದು ಮಾತು ಬಂದ್ರ...”

ಪಕ್ಕೀರಮ್ಮ ಅವರನ್ನು ಅಲ್ಲೇ ಬಿಟ್ಟು ನಡೆದಳು. ಹಾಡುವ ಹೆಂಗಸರ ನಡುವೆ ಹಾದು, ಎರ್ರೆಮ್ಮನ ಕಂಕುಳಿಗೆ ಹೆಗಲು ಕೊಟ್ಟು ಎತ್ತಿದಳು. ಆ ದೇಹದ ಭಾರ ಪೂರ್ತಿ ಅವಳ ಮೇಲೆ ಬಿತ್ತು. ಮೆಲ್ಲಗೆ ಕಾರಿನವರೆಗೆ ತಂದು ಕೂರಿಸಿದಳು.

“ಒಂಚೂರು ನಿಲ್ಲಸಪ್ಪ,” ಎಂದಳು ಡ್ರೈವರನಿಗೆ, “ಒಂದು ಸೀರಿ ತರ್ತೀನಿ.”

ಪಾಸ್ಟರು ಅವಳ ಹೆಸರು ಹಿಡಿದು ಏನೋ ಕೇಳುತ್ತಲೇ ಇದ್ದರು. ಅವಳು ತಿರುಗದೆ ತನ್ನ ಬಾಗಿಲ ಕಡೆ ನಡೆದಳು.